ತಪ್ಪಿದ್ದರೆ ತಿಳಿಸಿ

ಕಳೆದ ವರ್ಷ ಮಳೆಗಾಲದ ಒಂದು ಶನಿವಾರ ರಾತ್ರಿ ಎರಡು ಗಂಟೆಗೆ, ಹೈದರಾಬಾದಿನ ನನ್ನ ಮನೆಯ ಊಟದ ಮೇಜಿನ ಮುಂದೆ ಕೂತು ಹಳೆಯ ಮೆಸೇಜೊಂದನ್ನು ಹುಡುಕುತ್ತಿದ್ದೆ. ನಮ್ಮ ತಂಡ ಆ ರಾತ್ರಿ ಗ್ರಾಹಕ ಕಂಪನಿಯೊಂದರ ಹಳೆಯ ಡೇಟಾವನ್ನು ಹೊಸ ವ್ಯವಸ್ಥೆಗೆ ಸಾಗಿಸುತ್ತಿತ್ತು. ಅರ್ಧ ದಾರಿಯಲ್ಲಿ ಎಲ್ಲವೂ ನಿಂತುಬಿಟ್ಟಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ಮೆಸೇಜು ಸಿಕ್ಕಿತು. ಹನ್ನೊಂದು ದಿನ ಹಿಂದಿನದು. ತಂಡದಲ್ಲಿ ಎಲ್ಲರಿಗಿಂತ ಕಿರಿಯ, ರಾಯಚೂರು ಕಡೆಯ ಹುಡುಗ ಬರೆದಿದ್ದ ಮೂರು ಸಾಲು: ಕೆಲವು ಗ್ರಾಹಕರ ದಾಖಲೆಗಳು ಎರಡೆರಡು ಸಲ ಇವೆ, ಅವನ್ನು ಮೊದಲೇ ಸರಿಮಾಡದಿದ್ದರೆ ಹೊಸ ಡೇಟಾಬೇಸ್ ಒಪ್ಪುವುದಿಲ್ಲ, ಆಗ ಹಿಂದಕ್ಕೆ ಬರಲು ಬೇಕಾದ ಸ್ಕ್ರಿಪ್ಟನ್ನು ನಾವಿನ್ನೂ ಪರೀಕ್ಷಿಸಿಲ್ಲ. ಅದರ ಮೇಲೆ ನಾನು ಹಾಕಿದ್ದ ಯೋಜನೆಗೆ ಇಪ್ಪತ್ತಮೂರು ಹೆಬ್ಬೆರಳುಗಳು. ಅವನ ಮೂರು ಸಾಲಿಗೆ ಒಂದೇ ಹೆಬ್ಬೆರಳು. ಅದು ನನ್ನದು. ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅಷ್ಟೇ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೇಗೋ ಸರಿಮಾಡಿದೆವು. ಸೋಮವಾರ ಬೈಗುಳ ತಿಂದೆವು. ಈ ಕೆಲಸದಲ್ಲಿ ಅದೆಲ್ಲ ಇದ್ದದ್ದೇ. ನನ್ನನ್ನು ಕಾಡಿದ್ದು ಆಮೇಲಿನದು. ಆ ಹುಡುಗ ಮೀಟಿಂಗುಗಳಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ. "ಏನಾದರೂ ಹೇಳುವುದಿದೆಯಾ?" ಎಂದರೆ "ಏನಿಲ್ರಿ ಸರ್" ಅನ್ನುತ್ತಿದ್ದ. ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದವನ ಸಮಾಧಾನವಿತ್ತು.

ಆಕ್ಷೇಪಕ್ಕೆ ಹೆಬ್ಬೆರಳೆತ್ತಿ ಮುಂದೆ ಹೋಗುವುದನ್ನು ನಾನು ಯಾವಾಗ ಕಲಿತೆ? ಈ ಪ್ರಶ್ನೆ ಹಿಡಿದು ಹೊರಟಾಗ, ನನಗೆ ಅನ್ನ ಕೊಡುತ್ತಿರುವ ಈ ಅಂತರ್ಜಾಲವನ್ನು ಕಟ್ಟಿದವರು ತಮ್ಮತಮ್ಮಲ್ಲಿ ಹೇಗೆ ಜಗಳಾಡುತ್ತಿದ್ದರು ಎಂದು ಓದತೊಡಗಿದೆ. ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡುವಾಗ ಅವರ ಕಾಗದಗಳನ್ನು ಪರೀಕ್ಷೆಗಾಗಿ ಓದಿದ್ದೆ. ಈ ಸಲ ಅವುಗಳ ಹಿಂದಿದ್ದ ಮನುಷ್ಯರಿಗಾಗಿ ಓದಿದೆ.

1969ರ ವಸಂತದಲ್ಲಿ ಅಂತರ್ಜಾಲ ಇನ್ನೂ ಇರಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾ ಸಂಸ್ಥೆ ನಾಲ್ಕು ಕಡೆಯ ಕಂಪ್ಯೂಟರುಗಳನ್ನು ಜೋಡಿಸಲು ಹಣ ಕೊಟ್ಟಿತ್ತು. ಆ ಕಂಪ್ಯೂಟರುಗಳು ಪರಸ್ಪರ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದನ್ನು ಯೋಚಿಸುವ ಕೆಲಸ ಬಿದ್ದದ್ದು ಒಂದಷ್ಟು ಪದವಿ ವಿದ್ಯಾರ್ಥಿಗಳ ಮೇಲೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟೀವ್ ಕ್ರಾಕರ್ ಅವರಲ್ಲೊಬ್ಬ. ಅವನ ಜೊತೆಗಾರರಲ್ಲಿ ವಿಂಟ್ ಸರ್ಫ್ ಮತ್ತು ಜಾನ್ ಪೋಸ್ಟೆಲ್ ಇದ್ದರು. ಯಾರಿಗೂ ಅಧಿಕಾರವಿರಲಿಲ್ಲ. ಇಂದಲ್ಲ ನಾಳೆ ಯಾರಾದರೂ ದೊಡ್ಡವರು ಬಂದು ತಮ್ಮನ್ನು ಪಕ್ಕಕ್ಕೆ ಸರಿಸುತ್ತಾರೆ ಎಂಬ ಅಳುಕು ಎಲ್ಲರಿಗೂ ಇತ್ತು.

ಚರ್ಚೆಯಲ್ಲಿ ಬಂದದ್ದನ್ನು ಯಾರಾದರೂ ಬರೆದಿಡಬೇಕಲ್ಲ? ಕ್ರಾಕರ್ ಒಪ್ಪಿಕೊಂಡ. ಬರೆಯಲು ಕೂತರೆ ಭಯ. ಕಾಗದದ ಮೇಲೆ ಬಂದ ಕೂಡಲೇ ಅದು ಆದೇಶದಂತೆ ಕಾಣುತ್ತದೆ, ದೂರದ ಊರುಗಳಲ್ಲಿರುವವರು ಈ ಹುಡುಗನಿಗೆ ಯಾರು ಅಧಿಕಾರ ಕೊಟ್ಟರು ಎಂದು ಕೇಳಬಹುದು. ಆಗ ಗೆಳೆಯರ ಮನೆಯಲ್ಲಿ ಉಳಿದುಕೊಂಡಿದ್ದ ಅವನು, ಮಲಗಿದವರಿಗೆ ತೊಂದರೆಯಾಗದಿರಲೆಂದು ರಾತ್ರಿ ಬಚ್ಚಲುಮನೆಯಲ್ಲಿ ಕೂತು ಬರೆದನಂತೆ. ಅಳುಕಿಗೆ ಅವನು ಕಂಡುಕೊಂಡ ಉಪಾಯ ಒಂದು ಹೆಸರು: ರಿಕ್ವೆಸ್ಟ್ ಫಾರ್ ಕಾಮೆಂಟ್ಸ್. ನಮ್ಮ ಮಾತಿನಲ್ಲಿ 'ಅಭಿಪ್ರಾಯ ಕೋರಿಕೆ'. ಹಳೆಯ ಕಾಲದವರು ಪತ್ರದ ಕೊನೆಗೆ ಬರೆಯುತ್ತಿದ್ದ 'ತಪ್ಪಿದ್ದರೆ ತಿಳಿಸಿ' ಎಂಬ ಮಾತನ್ನು ಅವನು ತಲೆಬರಹಕ್ಕೇ ತಂದಿಟ್ಟ. ಮೊದಲನೆಯದರ ಮೇಲೆ 1969ರ ಏಪ್ರಿಲ್ 7ರ ತಾರೀಖಿದೆ. ಕಳಿಸಲು ನೆಟ್‌ವರ್ಕ್ ಇರಲಿಲ್ಲವಾದ್ದರಿಂದ ಕಾಗದಗಳು ಅಂಚೆಯಲ್ಲಿ ಹೋದವು.

ಅದೇ ತಿಂಗಳ ಮೂರನೆಯ ಕಾಗದ ಇನ್ನೂ ಸೊಗಸು. ಈ ಕಾಗದಗಳಲ್ಲಿ ಏನು ಬರೆಯಬಹುದು ಎಂಬ ನಿಯಮ ಅದರಲ್ಲಿದೆ. ನಿಯಮವೆಂದರೆ ಹೆಚ್ಚುಕಡಿಮೆ ನಿಯಮವಿಲ್ಲ ಎಂಬುದೇ. ಪಾಲಿಶ್ ಮಾಡಿದ್ದಕ್ಕಿಂತ ಸಕಾಲಕ್ಕೆ ಬಂದದ್ದು ಮೇಲು. ಉದಾಹರಣೆಯಿಲ್ಲದ ತತ್ತ್ವ ಆಗಬಹುದು, ಪೀಠಿಕೆಯಿಲ್ಲದ ಸಲಹೆ ಆಗಬಹುದು, ಉತ್ತರವಿಲ್ಲದ ಪ್ರಶ್ನೆಯೂ ಆಗಬಹುದು. ಕನಿಷ್ಠ ಉದ್ದ ಒಂದು ವಾಕ್ಯ. ಕಾರಣವನ್ನೂ ಕೊಟ್ಟಿದ್ದಾನೆ. ಬರೆದದ್ದನ್ನೆಲ್ಲ ಜನ ಪ್ರಮಾಣವೆಂದು ತಿಳಿಯುತ್ತಾರೆ, ಅದು ತಪ್ಪಬೇಕು. ಅರೆಬೆಂದ ಯೋಚನೆಯನ್ನು ಹೊರಗಿಡಲು ಜನ ಹಿಂಜರಿಯುತ್ತಾರೆ, ಆ ಸಂಕೋಚವೂ ಕಡಿಮೆಯಾಗಬೇಕು.

ಇದು ಬರೀ ಸೌಜನ್ಯವೆಂದು ನನಗನಿಸುವುದಿಲ್ಲ. ಯೋಚನೆ ಹೇಗೆ ನಡೆಯುತ್ತದೆ ಎಂಬುದನ್ನು ಆ ಹುಡುಗ ಸರಿಯಾಗಿ ಹಿಡಿದಿದ್ದ. ಪೂರ್ತಿ ಬೆಂದ ಮೇಲೆ ಬಡಿಸಿದ ಅಭಿಪ್ರಾಯವನ್ನು ಯಾರಾದರೂ ಅಲ್ಲಗಳೆದರೆ ನಮಗೆ ಅವಮಾನವಾಗುತ್ತದೆ. ಒಲೆಯ ಮೇಲಿರುವಾಗಲೇ ಉಪ್ಪು ನೋಡಿ ಎಂದು ಕರೆದರೆ, ಬಂದವರು ಕಡಿಮೆಯಾಯಿತೆಂದರೂ ಬೇಸರವಿಲ್ಲ. ಅಡುಗೆ ಇಬ್ಬರದೂ ಆಗುತ್ತದೆ.

ಆ ವರ್ಷ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೋಯಿತು. 'ಲಾಗಿನ್' ಎಂದು ಟೈಪ್ ಮಾಡಬೇಕಿತ್ತು. ಎರಡು ಅಕ್ಷರ ಹೋಗುವಷ್ಟರಲ್ಲಿ ವ್ಯವಸ್ಥೆ ಕುಸಿಯಿತು. ತಪ್ಪಿದ್ದರೆ ತಿಳಿಸಿ ಎಂದವರಿಗೆ ಯಂತ್ರವೇ ಮೊದಲು ತಿಳಿಸಿತು. ಕಾಗದಗಳ ಸರಣಿ ಮಾತ್ರ ನಿಲ್ಲಲಿಲ್ಲ. ಪೋಸ್ಟೆಲ್ 1998ರಲ್ಲಿ ತೀರಿಕೊಳ್ಳುವವರೆಗೂ ಅವುಗಳ ಸಂಪಾದಕನಾಗಿದ್ದ. ಇವತ್ತು ಅವುಗಳ ಸಂಖ್ಯೆ ಒಂಬತ್ತು ಸಾವಿರ ದಾಟಿದೆ. ಇಡೀ ಜಗತ್ತು ಪಾಲಿಸುವ ಮಾನದಂಡಗಳ ಮೇಲೂ ಇಂದಿಗೂ 'ಅಭಿಪ್ರಾಯ ಕೋರಿಕೆ' ಎಂಬ ಅದೇ ಹೆಸರು. ಕಳಿಸುವಾಗ ಬಿಗಿಯಾಗಿರು, ಸ್ವೀಕರಿಸುವಾಗ ಉದಾರವಾಗಿರು ಎಂದು ಪೋಸ್ಟೆಲ್ 1980ರಲ್ಲಿ ಬರೆದ ಸೂತ್ರ ನಮ್ಮ ಕಡೆ ಗಾದೆಯಂತಾಗಿದೆ. ಆ ಉದಾರತೆಯಿಂದಲೇ ಎಷ್ಟೋ ದೋಷಗಳು ಉಳಿದುಕೊಳ್ಳುತ್ತವೆ ಎಂದು ವಾದಿಸುವ ಕಾಗದವೊಂದು 2023ರಲ್ಲಿ ಇದೇ ಸರಣಿಯಲ್ಲಿ ಬಂತು. ಹಿರಿಯನ ಮಾತನ್ನು ಹಿರಿಯನೇ ಬೆಳೆಸಿದ ಪುಸ್ತಕದಲ್ಲಿ ಪ್ರಶ್ನಿಸಬಹುದು. ಯಾರೂ ಅದನ್ನು ದ್ರೋಹವೆನ್ನಲಿಲ್ಲ.

ಹಾಗೆಂದು ಅವರೆಲ್ಲ ಸಾಧುಗಳೆಂದು ತಿಳಿಯಬೇಡಿ. ಮೊದಮೊದಲು ಅವರ ಸಂಖ್ಯೆ ಬೆರಳೆಣಿಕೆಯದು. ಓದು, ವಯಸ್ಸು, ಭಾಷೆ ಎಲ್ಲ ಹೆಚ್ಚುಕಡಿಮೆ ಒಂದೇ. ಪರಸ್ಪರ ಮುಖ ನೋಡಿದವರು. ಅಂಥವರ ನಡುವೆ ಮರ್ಯಾದೆ ಸುಲಭ. ಬಳಗ ಬೆಳೆದಂತೆ ತೊಂದರೆ ಶುರುವಾಯಿತು. 1982ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲಿಫ್ಟಿನ ಬಗ್ಗೆ ಭೌತಶಾಸ್ತ್ರದ ತಲೆಹರಟೆ ಪ್ರಶ್ನೆಗಳು ಓಡಾಡುತ್ತಿದ್ದವು. ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬ ತಮಾಷೆಯನ್ನು ಯಾರೋ ನಿಜವೆಂದೇ ತಿಳಿದರು. ಪರದೆಯ ಮೇಲಿನ ಅಕ್ಷರಕ್ಕೆ ಧ್ವನಿಯಿಲ್ಲ, ಹುಬ್ಬಿಲ್ಲ, ತುಟಿಯಿಲ್ಲ. ಸ್ಕಾಟ್ ಫಾಲ್ಮನ್ ಎಂಬ ಪ್ರಾಧ್ಯಾಪಕರು ಸೆಪ್ಟೆಂಬರ್ 19ರಂದು ಒಂದು ಪರಿಹಾರ ಸೂಚಿಸಿದರು: ತಮಾಷೆಯಾದರೆ ಒಂದು ಕೋಲನ್, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಹಾಕಿ, ಕತ್ತು ಓರೆ ಮಾಡಿ ನೋಡಿದರೆ ನಗುಮುಖ. ಇಂದಿನ ಎಮೋಜಿಗಳಿಗೆಲ್ಲ ಹಿರಿಯಣ್ಣ ಅದು. ಅದು ಹುಟ್ಟಿದ್ದೂ ತಪ್ಪು ತಿಳಿವಳಿಕೆಯನ್ನು ತಪ್ಪಿಸಲೆಂದೇ.

1992ರ ಎರಡು ಜಗಳಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಆ ಜನವರಿಯಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆ್ಯಂಡ್ರೂ ಟ್ಯಾನೆನ್‌ಬಾಮ್ ಎಲ್ಲರೂ ಓದುವ ಕಡೆ ಒಂದು ಟಿಪ್ಪಣಿ ಹಾಕಿದರು: ಲಿನಕ್ಸ್ ಹಳತಾಗಿದೆ. ಆಗ ಲಿನಕ್ಸಿಗೆ ಒಂದು ವರ್ಷವೂ ತುಂಬಿರಲಿಲ್ಲ. ಅದನ್ನು ಬರೆದ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯ 22 ವರ್ಷದ ವಿದ್ಯಾರ್ಥಿ. ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂದು ಅವನು ಕಲಿತದ್ದು ಇದೇ ಪ್ರಾಧ್ಯಾಪಕರ ಪುಸ್ತಕದಿಂದ, ಅವರೇ ಬರೆದ ಮಿನಿಕ್ಸ್‌ನಿಂದ. ಪ್ರಾಧ್ಯಾಪಕರ ಆಕ್ಷೇಪ ಎರಡು. ಎಲ್ಲ ಕೆಲಸವನ್ನೂ ಒಂದೇ ದೊಡ್ಡ ಗಂಟಿನಲ್ಲಿ ಕಟ್ಟುವ ವಿನ್ಯಾಸ ಹಿಂದಕ್ಕೆ ನಡೆದಂತೆ. ಒಂದೇ ಬಗೆಯ ಪ್ರೊಸೆಸರಿಗೆ ಅಂಟಿಕೊಂಡದ್ದೂ ತಪ್ಪು. ಹುಡುಗ ಕೆರಳಿ ಖಾರವಾಗಿ ಬರೆದ. ಮರುದಿನವೇ ಮಾತಿನ ಧಾಟಿಗೆ ಕ್ಷಮೆ ಕೇಳಿದ, ವಾದವನ್ನು ಮಾತ್ರ ಬಿಡಲಿಲ್ಲ. ನೀನು ನನ್ನ ವಿದ್ಯಾರ್ಥಿಯಾಗಿದ್ದರೆ ಈ ವಿನ್ಯಾಸಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲ ಎಂದರು ಪ್ರಾಧ್ಯಾಪಕರು. ಇಬ್ಬರೂ ಕೊನೆಗೂ ಒಪ್ಪಲಿಲ್ಲ. ಇಂದಿಗೂ ವಿದ್ಯಾರ್ಥಿಗಳು ಆ ವಾದವನ್ನು ಓದುತ್ತಾರೆ, ಏಕೆಂದರೆ ಅದರಲ್ಲಿ ಬೈಗುಳಕ್ಕಿಂತ ಕಾರಣಗಳೇ ಹೆಚ್ಚಿವೆ.

ಈ ಕಥೆಯ ಕೊನೆ ಬಂದದ್ದು ಹನ್ನೆರಡು ವರ್ಷದ ನಂತರ. 2004ರಲ್ಲಿ ಅಮೆರಿಕದ ಲೇಖಕನೊಬ್ಬ ಟೊರ್ವಾಲ್ಡ್ಸ್ ಲಿನಕ್ಸನ್ನು ಸ್ವಂತವಾಗಿ ಬರೆದಿರಲಿಕ್ಕಿಲ್ಲ, ಮಿನಿಕ್ಸಿನಿಂದ ಎತ್ತಿರಬೇಕು ಎಂಬ ವಾದ ಹೂಡಿದ. ಅದನ್ನು ಹೌದೆನ್ನಲು ಟ್ಯಾನೆನ್‌ಬಾಮ್‌ಗಿಂತ ಒಳ್ಳೆಯ ಸಾಕ್ಷಿ ಬೇರೆ ಯಾರು? ಆದರೆ ಅವರು ತಾವಾಗಿ ಮುಂದೆ ಬಂದು, ಲಿನಕ್ಸ್ ಬರೆದವನು ಅವನೇ, ಕದ್ದಿಲ್ಲ ಎಂದು ಬರೆದರು. ವಿನ್ಯಾಸದ ಬಗ್ಗೆ ತಮ್ಮ ಅಭಿಪ್ರಾಯವನ್ನು ಮಾತ್ರ ಬದಲಿಸಲಿಲ್ಲ. ಎದುರಾಳಿಯ ಮಾತು ತಪ್ಪೆನ್ನುತ್ತಲೇ ಅವನ ಪ್ರಾಮಾಣಿಕತೆಗೆ ಸಾಕ್ಷಿ ನಿಲ್ಲುವುದು. ಗೌರವದ ಭಿನ್ನಾಭಿಪ್ರಾಯ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅರ್ಥ ಸಿಕ್ಕಿಲ್ಲ. ಮೆತ್ತಗೆ ಮಾತಾಡಿದರೇ ಗೌರವ ಎಂದೇನಿಲ್ಲ ನೋಡಿ.

ಎರಡನೆಯ ಜಗಳ ದೊಡ್ಡವರದು. ಅಂತರ್ಜಾಲದ ವಿಳಾಸಗಳು ಮುಗಿದುಹೋಗುತ್ತವೆ ಎಂಬ ಆತಂಕವಿತ್ತು. 1992ರ ಜೂನಿನಲ್ಲಿ ಮೇಲಿನ ಮಂಡಳಿಯ ಹಿರಿಯರು ಜಪಾನಿನ ಕೋಬೆಯಲ್ಲಿ ಸೇರಿ, ಪ್ರತಿಸ್ಪರ್ಧಿ ಪಾಳೆಯದ ವ್ಯವಸ್ಥೆಯೊಂದನ್ನು ಆಧಾರವಾಗಿಟ್ಟುಕೊಳ್ಳೋಣ ಎಂದು ತೀರ್ಮಾನಿಸಿಬಿಟ್ಟರು. ಕೆಲಸ ಮಾಡುವ ಎಂಜಿನಿಯರುಗಳ ಕೂಟವಾದ ಐಇಟಿಎಫ್ ಅನ್ನು ಕೇಳಿರಲಿಲ್ಲ. ಬೆಂಕಿ ಹತ್ತಿತು. ಜುಲೈನಲ್ಲಿ ಮೆಸಾಚುಸೆಟ್ಸಿನ ಕೇಂಬ್ರಿಡ್ಜಿನಲ್ಲಿ ಸಭೆ. ಸದಾ ಮೂರು ತುಂಡಿನ ಸೂಟಿನಲ್ಲಿರುವ ವಿಂಟ್ ಸರ್ಫ್ ಭಾಷಣ ಮಾಡುತ್ತ ಕೋಟು, ಟೈ, ಅಂಗಿ ಒಂದೊಂದೇ ಕಳಚಿ, ಒಳಗಿದ್ದ ಟಿ-ಶರ್ಟಿನ ಮೇಲೆ ಎಂಜಿನಿಯರುಗಳ ಪರವಾದ ಬರಹ ತೋರಿಸಿದರು. ಸಭೆ ನಕ್ಕಿತು. ಮಂಡಳಿ ಹಿಂದೆ ಸರಿಯಿತು. ಅದೇ ಸಭೆಯಲ್ಲಿ ಎಂಐಟಿಯ ಡೇವಿಡ್ ಕ್ಲಾರ್ಕ್ ಹೇಳಿದ ಮಾತಿನ ಸಾರ ಇದು: ನಮಗೆ ರಾಜರೂ ಬೇಡ, ಅಧ್ಯಕ್ಷರೂ ಬೇಡ, ಮತದಾನವೂ ಬೇಡ. ಸುಮಾರಾದ ಒಮ್ಮತ ಮತ್ತು ಓಡುವ ಕೋಡ್ ಇದ್ದರೆ ಸಾಕು.

ರಾಜ ಬೇಡ ಎಂಬುದು ಅರ್ಥವಾಯಿತು. ಮತದಾನವೂ ಯಾಕೆ ಬೇಡ? ಇಲ್ಲಿ ನಾನು ತುಂಬ ಹೊತ್ತು ನಿಂತೆ. ಐಇಟಿಎಫ್ ಸಭೆಗಳಲ್ಲಿ ಕೈ ಎತ್ತಿಸಿ ಎಣಿಸುವ ಬದಲು 'ಹೂಂ' ಎಂದು ಗುಂಯ್ಗುಡಿಸುವ ಪದ್ಧತಿಯಿದೆ. ಒಪ್ಪುವವರು ಒಮ್ಮೆ, ಒಪ್ಪದವರು ಒಮ್ಮೆ. ಸದ್ದು ಕೇಳುತ್ತದೆ, ಲೆಕ್ಕ ಸಿಗುವುದಿಲ್ಲ. ಪೀಟ್ ರೆಸ್ನಿಕ್ 2014ರ ಒಂದು ಕಾಗದದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಸದ್ದಿನಿಂದ ಮಾತು ಮುಗಿಯುವುದಿಲ್ಲ, ಶುರುವಾಗುತ್ತದೆ. ಸಣ್ಣ ಸದ್ದು ಬಂದ ಕಡೆಗೆ ತಿರುಗಿ 'ನಿಮ್ಮ ಆಕ್ಷೇಪವೇನು?' ಎಂದು ಕೇಳುವುದು ಅಧ್ಯಕ್ಷರ ಕೆಲಸ. ಆಕ್ಷೇಪವನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ನೂರು ಜನ ಪರವಿದ್ದು ಐದು ಜನ ವಿರೋಧವಿದ್ದಾಗಲೂ ಒಮ್ಮತ ಇಲ್ಲದಿರಬಹುದು, ಆ ಐವರ ಆಕ್ಷೇಪ ನಿಜವಾಗಿದ್ದು ಉತ್ತರ ಸಿಗದಿದ್ದರೆ.

ನೂರು ಮತ್ತು ಐದು. ನನ್ನದು ಇಪ್ಪತ್ತಮೂರು ಮತ್ತು ಒಂದು.

ಓದುತ್ತ ನನಗೆ ನೆನಪಾದದ್ದು ಪುತ್ತೂರಿನ ಕಡೆಯ ನಮ್ಮ ಊರಿನ ತಾಳಮದ್ದಳೆ. ಚಿಕ್ಕವನಿದ್ದಾಗ ಅಜ್ಜ ಕರೆದುಕೊಂಡು ಹೋಗುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಸಾಯುವ ಹೊತ್ತಿನಲ್ಲಿ ರಾಮನನ್ನು ಪ್ರಶ್ನಿಸುವಾಗ, ರಾಮಭಕ್ತರಾದ ನನ್ನ ಅಜ್ಜನೂ ಕುತ್ತಿಗೆ ಮುಂದೆ ಚಾಚಿ ವಾಲಿಯ ಕಡೆಗೇ ವಾಲುತ್ತಿದ್ದರು. ರಾಮನ ಪಾತ್ರ ವಹಿಸಿದವರು ಮನೆಯಲ್ಲಿ ತಯಾರಿಸಿಕೊಂಡು ಬಂದದ್ದನ್ನು ಒಪ್ಪಿಸಿದರೆ ನಡೆಯದು. ವಾಲಿ ಈಗತಾನೆ ಏನು ಕೇಳಿದನೋ ಅದಕ್ಕೇ ಉತ್ತರ ಬರಬೇಕು. ತಪ್ಪಿಸಿಕೊಂಡರೆ ಅಜ್ಜ ಮನೆಗೆ ಬರುವ ದಾರಿಯುದ್ದಕ್ಕೂ "ಅವ ಕೇಳಿದ್ದಕ್ಕೆ ಇವ ಹೇಳಲೇ ಇಲ್ಲ" ಅನ್ನುತ್ತಿದ್ದರು. ಚಪ್ಪಾಳೆ ಎಷ್ಟು ಬಿತ್ತು ಎಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ನಸುಕಿನಲ್ಲಿ ವಾಲಿಯೂ ರಾಮನೂ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುವುದನ್ನು ನಾನು ನೋಡಿದ್ದೇನೆ.

ಹಾಗಾದರೆ ಈ ನಡವಳಿಕೆ ಎಲ್ಲಿ ಕಳೆದುಹೋಯಿತು? ಒಂದೇ ದಿನದಲ್ಲಿ ಅಲ್ಲ. 1980ರ ದಶಕದಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಕಾಲೇಜು ಸೇರಿದ ಹೊಸಬರು ಬರುತ್ತಿದ್ದರು, ಗಲಾಟೆ ಮಾಡುತ್ತಿದ್ದರು, ಒಂದೆರಡು ತಿಂಗಳಲ್ಲಿ ಅಲ್ಲಿನ ರೀತಿ ಕಲಿಯುತ್ತಿದ್ದರು. 1993–94ರ ಹೊತ್ತಿಗೆ ವಾಣಿಜ್ಯ ಕಂಪನಿಗಳು ಬಾಗಿಲು ತೆರೆದಾಗ ಹೊಸಬರ ಹರಿವು ನಿಲ್ಲಲೇ ಇಲ್ಲ. ಮುಗಿಯದ ಸೆಪ್ಟೆಂಬರ್ ಎಂದು ಹಳಬರು ಅದನ್ನು ಕರೆದರು. ಆ ಹೆಸರಿನಲ್ಲಿ ಸ್ವಲ್ಪ ಜಂಬವೂ ಇದೆ. ನಾವೂ ನೀವೂ ಬಂದದ್ದು ಆ ಸೆಪ್ಟೆಂಬರಿನಲ್ಲೇ ಅಲ್ಲವೇ? 1995ರಲ್ಲಿ ಅಂತರ್ಜಾಲದ ಶಿಷ್ಟಾಚಾರದ ಬಗ್ಗೆಯೇ ಒಂದು 'ಅಭಿಪ್ರಾಯ ಕೋರಿಕೆ' ಬಂತು. ಕೆರಳಿಸಿದರೂ ಕೆರಳಿ ಬರೆಯಬೇಡಿ, ಸಿಟ್ಟಿನ ಉತ್ತರ ಕಳಿಸುವ ಮುನ್ನ ಒಂದು ರಾತ್ರಿ ಕಳೆಯಲಿ ಎಂದು ಅದರಲ್ಲಿದೆ.

2009ರಲ್ಲಿ ಎರಡು ಗುಂಡಿಗಳು ಬಂದವು. ಫೆಬ್ರವರಿಯಲ್ಲಿ ಫೇಸ್‌ಬುಕ್ಕಿನ ಲೈಕ್, ನವೆಂಬರಿನಲ್ಲಿ ಟ್ವಿಟರಿನ ರಿಟ್ವೀಟ್. ರಿಟ್ವೀಟ್ ಕಟ್ಟಿದ ತಂಡದ ಮುಂದಾಳು ಕ್ರಿಸ್ ವೆದರೆಲ್ ಹತ್ತು ವರ್ಷದ ನಂತರ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಗುಂಡಿಗೆ ಮೊದಲು, ಇನ್ನೊಬ್ಬರ ಮಾತನ್ನು ದಾಟಿಸಬೇಕಾದರೆ ಅದನ್ನು ಕೈಯಾರೆ ನಕಲು ಮಾಡಬೇಕಿತ್ತು. ಆ ಅರ್ಧ ನಿಮಿಷದಲ್ಲಿ ಇದು ಬೇಕೇ ಎಂಬ ಯೋಚನೆಗೆ ಜಾಗವಿತ್ತು. ಗುಂಡಿ ಉಳಿಸಿಕೊಟ್ಟದ್ದು ಆ ಅರ್ಧ ನಿಮಿಷವನ್ನೇ. ಇನ್ನೊಂದು ಬದಲಾವಣೆಯನ್ನು ನನ್ನಲ್ಲೇ ಗಮನಿಸಿದ್ದೇನೆ. ಯಾವ ಬರಹ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಕೆಳಗಿನ ಅಂಕಿಗೆ. ಎಷ್ಟು ಜನ ಮೆಚ್ಚಿದ್ದಾರೆಂದು ತಿಳಿದ ಮೇಲೆ ಓದುತ್ತೇನೆ. ಓದುವ ಮೊದಲೇ ಮನಸ್ಸು ಅರ್ಧ ತೀರ್ಮಾನ ಮಾಡಿರುತ್ತದೆ. ಕ್ರಾಕರ್ ಹೆದರಿದ್ದ 'ಬರೆದದ್ದೆಲ್ಲ ಪ್ರಮಾಣ' ಎಂಬುದು ಈಗ 'ಎಣಿಕೆಯಾದದ್ದೆಲ್ಲ ಪ್ರಮಾಣ' ಎಂದಾಗಿದೆ.

ಇದರ ಬೆಲೆ ಬರೀ ಒಂದು ಕೆಟ್ಟ ಶನಿವಾರವಾಗಿದ್ದರೆ ಈ ಲೇಖನ ಬೇಕಿರಲಿಲ್ಲ. 2018ರ ಜುಲೈ 13ರಂದು ಹೈದರಾಬಾದಿನ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಗೆಳೆಯರೊಂದಿಗೆ ಬೀದರ್ ಜಿಲ್ಲೆಗೆ ಹೋಗಿದ್ದ. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಆಗ ಎಲ್ಲ ಫೋನುಗಳಲ್ಲಿತ್ತು. ಅವರು ಅಲ್ಲಿಂದ ಹೊರಟರೂ ವಾಟ್ಸ್‌ಆ್ಯಪ್ ಸಂದೇಶ ಅವರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತ್ತು. ಗುಂಪು ಅವನನ್ನು ಕೊಂದಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ತಂದಿತು. ಆ ದಿನ ಆ ಸಂದೇಶವನ್ನು ನೋಡಿದವರಲ್ಲಿ ಅನುಮಾನ ಬಂದವರು ಒಬ್ಬರಾದರೂ ಇದ್ದಿರಬೇಕು ಎಂದು ನಾನು ನಂಬುತ್ತೇನೆ. 'ನಿಜವೋ? ನೋಡಿದವರು ಯಾರು?' ಎಂಬ ಒಂದು ಸಾಲು ಸಾಕಿತ್ತು. ಆದರೆ ಹಾಗೆ ಕೇಳಿದವರಿಗೆ ಗುಂಪಿನಲ್ಲಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಅದಕ್ಕೇ ಕೇಳುವುದಿಲ್ಲ. ಆಕ್ಷೇಪಿಸುವವರನ್ನು ನಾವು ಸುಮ್ಮನಾಗಿಸುವುದು ಬೈದು ಮಾತ್ರವಲ್ಲ, ಹೆಬ್ಬೆರಳೆತ್ತಿಯೂ ಹೌದು.

ಅಂತರ್ಜಾಲವೇ ಕೆಟ್ಟದ್ದು ಎನ್ನುವವನಲ್ಲ ನಾನು. ಕನ್ನಡ ವಿಕಿಪೀಡಿಯದ ಪ್ರತಿ ಲೇಖನದ ಜೊತೆಗೂ 'ಚರ್ಚೆ' ಎಂಬ ಪುಟವಿದೆ. ಒಪ್ಪದವರು ಕಾರಣ ಬರೆಯಲೆಂದೇ ಇಟ್ಟ ಜಾಗ ಅದು. ಗುಂಡಿಯನ್ನು ಕಟ್ಟಿದವರೂ ಎಂಜಿನಿಯರುಗಳೇ, ಆ ಪುಟವನ್ನು ಕಟ್ಟಿದವರೂ ಎಂಜಿನಿಯರುಗಳೇ. ನಾವು ಹೇಗೆ ಜಗಳಾಡುತ್ತೇವೆ ಎಂಬುದು ಸ್ವಭಾವದ ಮಾತಿನಷ್ಟೇ ವಿನ್ಯಾಸದ ಮಾತು. ಆದ್ದರಿಂದ ಬದಲಿಸಬಹುದು, ಕಡೆಗೆ ನಮ್ಮ ನಮ್ಮ ತಂಡದಲ್ಲಿ, ನಮ್ಮ ಮನೆಯ ಗ್ರೂಪಿನಲ್ಲಿ.

ಹೋದ ತಿಂಗಳು ಮುಂದಿನ ವರ್ಗಾವಣೆಯ ಯೋಜನೆ ಬರೆಯುವ ಸರದಿ ಬಂತು. ಈ ಸಲ ಸ್ಲೈಡ್ ಮಾಡಲಿಲ್ಲ. ಒಂದೂವರೆ ಪುಟ ಬರೆದು, ಮೇಲೆ 'ಅಭಿಪ್ರಾಯ ಕೋರಿದೆ' ಎಂದು ಹಾಕಿ, ನನಗೇ ಅನುಮಾನವಿದ್ದ ಎರಡು ಜಾಗಗಳನ್ನು ಗುರುತು ಮಾಡಿ ಕಳಿಸಿದೆ. ಹೆಬ್ಬೆರಳು ಬೇಡ, ವಾಕ್ಯ ಬೇಕು ಎಂದೆ. ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಆ ಹುಡುಗನ ಬಳಿ ಹೋಗಿ, ಕಳೆದ ಸಲ ನಿನ್ನ ಮಾತಿಗೆ ಉತ್ತರ ಕೊಡದಿದ್ದದ್ದು ನನ್ನ ತಪ್ಪು ಎಂದೆ. ಹೇಳಲು ಒಂದು ವರ್ಷ ತೆಗೆದುಕೊಂಡಿದ್ದೆ. "ಇರ್ಲಿ ಬಿಡ್ರಿ ಸರ್" ಎಂದ.

ಮರುದಿನ ಅವನಿಂದ ಮೂರು ಆಕ್ಷೇಪ ಬಂದವು. ಎರಡನ್ನು ಒಪ್ಪಿ ತಿದ್ದಿದೆ. ಮೂರನೆಯದನ್ನು ಯಾಕೆ ಒಪ್ಪಲಾರೆ ಎಂದು ಅರ್ಧ ಪುಟ ಬರೆದೆ. ಸಂಜೆ ಲಿಫ್ಟಿನ ಹತ್ತಿರ ಸಿಕ್ಕ. "ಓದಿದ್ಯಾ?" ಎಂದೆ.

"ಓದೀನ್ರಿ ಸರ್. ನಾ ಇನ್ನೂ ಒಪ್ಪಂಗಿಲ್ಲ," ಎಂದ. ಸ್ವಲ್ಪ ತಡೆದು, "ನಾಳೆ ಮತ್ತ ಬರೀತೀನ್ರಿ" ಎಂದ.